ಕಾವೇರಿ ಕಾಯಲು ಸರ್ಕಾರ ಕೊಡುವ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಇಂಗುತ್ತೆ?

2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ತಮ್ಮ ಇಲಾಖೆಗೆ ಒಂದು ಪ್ರಸ್ತಾವನೆ ಸಿದ್ಧಪಡಿಸಲು ಹೇಳಿದರು. ಪಶ್ಚಿಮಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಕುಡಿಯುವ ನಗರ, ಪಟ್ಟಣಗಳಲ್ಲಿ ನೀರಿನ ಬಿಲ್ಲಿನ ಜೊತೆ ಎರಡೋ ಮೂರೋ ರೂಪಾಯಿ ಹಸಿರು ಸೆಸ್ ವಸೂಲು ಮಾಡುವುದು, ಆ ಹಣವನ್ನು ಘಟ್ಟದ ಕಾಡು ಕಾಯಲು ಬಳಸುವುದು. ಸುದ್ದಿ ಬಂದ ದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿಸಿಬಿಸಿ ಚರ್ಚೆ. ಒಬ್ಬರ ಪ್ರಶ್ನೆ ನೇರವಾಗಿತ್ತು: "ನೀರು ಕೊಡೋದು ಜಲಮಂಡಳಿ. ಕಾಡಿಗ್ಯಾಕೆ ದುಡ್ಡು?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ನಲ್ಲಿಯಿಂದ ಹೊರಟು ಕೊಡಗಿನ ಬೆಟ್ಟದವರೆಗೆ ಹೋಗಬೇಕು.

ಮೊದಲು ಎರಡು ಪದ: ಜಲಾನಯನ, ಅಚ್ಚುಕಟ್ಟು

ಹಂಚಿನ ಮನೆ ನೆನಪಿಸಿಕೊಳ್ಳಿ. ಮಾಡಿನ ಮೇಲೆ ಎಲ್ಲಿ ಮಳೆ ಬಿದ್ದರೂ ನೀರು ಇಳಿಜಾರು ಹಿಡಿದು ಸೂರಿಗೆ ಬರುತ್ತದೆ. ಅಲ್ಲಿ ಕಟ್ಟಿದ ತಗಡಿನ ದೋಣಿಗೆ ಬಿದ್ದು, ಒಂದೇ ಕೊಳವೆಯಲ್ಲಿ ಅಂಗಳದ ಹಂಡೆಗೆ ಇಳಿಯುತ್ತದೆ. ನದಿಗೂ ಹೀಗೊಂದು ಮಾಡು ಇರುತ್ತದೆ. ಯಾವ ಯಾವ ನೆಲದ ಮೇಲೆ ಬಿದ್ದ ಮಳೆ ಹಳ್ಳ, ತೊರೆ, ಉಪನದಿ ಹಿಡಿದು ಕೊನೆಗೆ ಒಂದೇ ನದಿಗೆ ಸೇರುತ್ತದೋ ಅಷ್ಟೂ ನೆಲ ಆ ನದಿಯ ಜಲಾನಯನ ಪ್ರದೇಶ.

ಅಚ್ಚುಕಟ್ಟು ಇದರ ಇನ್ನೊಂದು ತುದಿ. ಅಣೆಕಟ್ಟೆಯಿಂದ ಬಿಟ್ಟ ನೀರು ನಾಲೆಯಲ್ಲಿ ಹರಿದು ಯಾವ ಗದ್ದೆಗಳಿಗೆ ತಲುಪುತ್ತದೋ ಅದು ಅಚ್ಚುಕಟ್ಟು. ನೀರು ಬರುವ ನೆಲ ಜಲಾನಯನ, ನೀರು ಹೋಗುವ ನೆಲ ಅಚ್ಚುಕಟ್ಟು. ನಮ್ಮ ನೀರಾವರಿ ಬಜೆಟ್ಟು, ಹೋರಾಟ, ಕೋರ್ಟು ಕಚೇರಿ ಎಲ್ಲ ಸುತ್ತಿದ್ದು ಹೆಚ್ಚಾಗಿ ಎರಡನೆಯದರ ಸುತ್ತ.

ಕಾವೇರಿಯ ಮಾಡಿನ ವಿಸ್ತೀರ್ಣ 81,155 ಚದರ ಕಿ.ಮೀ. ಅದರಲ್ಲಿ 34,273 ಚದರ ಕಿ.ಮೀ. ಕರ್ನಾಟಕದಲ್ಲಿದೆ. ತಮಿಳುನಾಡಿನದು ಇನ್ನೂ ದೊಡ್ಡ ಪಾಲು. ಕೇರಳದ್ದು ಚಿಕ್ಕದು, ಆದರೆ ಕಬಿನಿ ಹುಟ್ಟುವುದು ಅಲ್ಲಿಯ ವಯನಾಡಿನಲ್ಲಿ. ಹೇಮಾವತಿ, ಹಾರಂಗಿ, ಲಕ್ಷ್ಮಣತೀರ್ಥ, ಶಿಂಷಾ, ಅರ್ಕಾವತಿ ಎಲ್ಲವೂ ಇದೇ ಮಾಡಿನ ನೀರು. ಆದರೆ ಮಳೆ ಈ ಮಾಡಿನ ಮೇಲೆ ಸಮನಾಗಿ ಬೀಳುವುದಿಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿದರೆ ಮಂಡ್ಯದಲ್ಲಿ ಸುಮಾರು 700 ಮಿ.ಮೀ. ಹಾಗಾಗಿ ಪಶ್ಚಿಮದ ಅಂಚಿನ ಸ್ವಲ್ಪ ನೆಲವೇ ನದಿಯ ದೊಡ್ಡ ಭಾರ ಹೊತ್ತಿದೆ.

ಬೆಟ್ಟ ನೀರನ್ನು ಹಿಡಿದಿಡುವುದು ಹೇಗೆ

ಒಂದು ಎಕರೆ ನೆಲದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. 12 ಸಾವಿರ ಲೀಟರಿನ ಟ್ಯಾಂಕರ್ ಎಂಟು ತುಂಬಿ ಮಿಗುತ್ತದೆ. ಇಷ್ಟು ನೀರು ಎಷ್ಟು ಬೇಗ ಹಳ್ಳಕ್ಕೆ ಇಳಿಯುತ್ತದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮನೆಯಲ್ಲೇ ನೋಡಬಹುದು. ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಉದ್ದಕ್ಕೆ ಸೀಳಿ, ಒಂದರಲ್ಲಿ ಬರೀ ಮಣ್ಣು ತುಂಬಿ, ಇನ್ನೊಂದರಲ್ಲಿ ಬೇರುಸಮೇತ ಕಿತ್ತ ಹುಲ್ಲಿನ ಹೆಂಟೆ ಕೂರಿಸಿ, ಮೇಲಿಷ್ಟು ಒಣ ತರಗೆಲೆ ಹರಡಿ. ಎರಡನ್ನೂ ಸ್ವಲ್ಪ ವಾಲಿಸಿಟ್ಟು ತಲಾ ಒಂದು ಚೊಂಬು ನೀರು ಹೊಯ್ಯಿರಿ. ಬರೀ ಮಣ್ಣಿನ ಬಾಟಲಿಯ ಬಾಯಿಂದ ಅರೆಕ್ಷಣದಲ್ಲಿ ಕಾಫಿ ಬಣ್ಣದ ನೀರು ನುಗ್ಗುತ್ತದೆ, ನಿಲ್ಲುತ್ತದೆ. ಹುಲ್ಲಿನದ್ದರಲ್ಲಿ ಮೊದಲು ಏನೂ ಬರುವುದಿಲ್ಲ. ಆಮೇಲೆ ಹನಿಹನಿಯಾಗಿ, ಹೆಚ್ಚುಕಡಿಮೆ ತಿಳಿಯಾಗಿ ಬರುತ್ತದೆ, ತುಂಬ ಹೊತ್ತು ಬರುತ್ತದೆ. ನೀವು ಹೊಯ್ದದ್ದರಲ್ಲಿ ಒಂದಿಷ್ಟು ಹೊರಗೆ ಬರುವುದೇ ಇಲ್ಲ. ಅದು ಮಣ್ಣು ಕುಡಿದದ್ದು.

ಘಟ್ಟದ ಕಾಡಿನ ನೆಲ ಮಾಡುವುದೂ ಇದನ್ನೇ. ತರಗೆಲೆಯ ಹಾಸು, ಬೇರು, ಎರೆಹುಳು ಕೊರೆದ ಬಿಲ ಎಲ್ಲ ಸೇರಿ ನೆಲ ಒದ್ದೆ ಗೋಣಿಚೀಲದ ಹಾಗೆ ಇರುತ್ತದೆ. ಜುಲೈಯಲ್ಲಿ ಕುಡಿದ ನೀರನ್ನು ಜನವರಿ, ಫೆಬ್ರವರಿವರೆಗೂ ತೊರೆಗೆ ತೊಟ್ಟಿಕ್ಕಿಸುತ್ತದೆ. ಕೊಡಗಿನ ಕಣಿವೆಗಳಲ್ಲಿದ್ದ ಬತ್ತದ ಗದ್ದೆಗಳೂ ಬದು ಕಟ್ಟಿ ನೀರು ನಿಲ್ಲಿಸಿ ಇದೇ ಕೆಲಸ ಮಾಡುತ್ತಿದ್ದವು. ಮರ ಹೋಗಿ, ಗದ್ದೆ ಬೀಳುಬಿದ್ದು ಇಲ್ಲವೇ ಸೈಟಾಗಿ, ರಸ್ತೆಗೆಂದು ಗುಡ್ಡ ಕಡಿದರೆ ಅದೇ ಮಳೆ ಎರಡು ದಿನದಲ್ಲಿ ಪ್ರವಾಹವಾಗಿ ಇಳಿದುಹೋಗುತ್ತದೆ, ಬೇಸಿಗೆಗೆ ಏನೂ ಉಳಿಯುವುದಿಲ್ಲ. ಜನ ಇದನ್ನು ಎರಡು ಬೇರೆ ಬೇರೆ ಸಂಕಟ ಅಂದುಕೊಳ್ಳುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದಕ್ಕೂ, 2024ರ ಬೇಸಿಗೆಯಲ್ಲಿ ಕುಶಾಲನಗರದ ಬಳಿ ನದಿಯಲ್ಲಿ ಬಂಡೆಗಳಷ್ಟೇ ಕಂಡದ್ದಕ್ಕೂ ಮಳೆಯ ಏರುಪೇರು ಕಾರಣ, ನಿಜ. ಆದರೆ ಬಿದ್ದ ಮಳೆಯನ್ನು ನೆಲ ಹೇಗೆ ಎದುರುಗೊಂಡಿತು ಅನ್ನುವುದು ಎರಡರಲ್ಲೂ ಇದೆ.

ಕಾಫಿ ಬಣ್ಣದ ಆ ನೀರಿನಲ್ಲಿದ್ದ ಮಣ್ಣು ಎಲ್ಲಿಗೆ ಹೋಗುತ್ತದೆ? ಅಣೆಕಟ್ಟೆಯ ತಳಕ್ಕೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಹೋಲಿಕೆಗೆ ಹೇಳುವುದಾದರೆ, ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. ತುಂಗಭದ್ರೆ ಕಳೆದುಕೊಂಡದ್ದು ಅದರ ಅರ್ಧಕ್ಕೂ ಹೆಚ್ಚು.

ಬೆಂಗಳೂರು ಆಗಲೇ ಕಳೆದುಕೊಂಡ ಒಂದು ನದಿ

ಇದು ಹಳೆಯ ಕಥೆ, ಆದರೆ ಇದಿಲ್ಲದೆ ಹಸಿರು ಸೆಸ್ಸಿನ ತರ್ಕ ಅರ್ಥವಾಗದು. ಬೆಂಗಳೂರಿಗೆ ಮೊದಲು ಕೊಳವೆಯಲ್ಲಿ ನೀರು ಬಂದದ್ದು ಕಾವೇರಿಯಿಂದಲ್ಲ, ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿಯಿಂದ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ನೀರು ತಂದರು. ಅದು ಸಾಲದಾದಾಗ ಅದೇ ನದಿಗೆ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆ ಕಟ್ಟಿದರು, 1933ರಲ್ಲಿ. ಕಾವೇರಿ ನೀರು ಊರು ಮುಟ್ಟಿದ್ದು 1974ರಲ್ಲಿ.

ಆಮೇಲೆ ಅರ್ಕಾವತಿಯ ಒಳಹರಿವು ಕುಸಿಯುತ್ತ ಹೋಯಿತು. ಮಳೆ ಕಡಿಮೆಯಾಯಿತೇ ಎಂದರೆ, ಅಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಅಧ್ಯಯನ ಬೆರಳು ತೋರಿಸಿದ್ದು ಕೊಳವೆಬಾವಿಗಳತ್ತ ಮತ್ತು ನೀಲಗಿರಿ ತೋಪುಗಳತ್ತ. ಅಂತರ್ಜಲ ಆಳಕ್ಕೆ ಇಳಿದಾಗ ಹಳ್ಳಕ್ಕೆ ಒಸರುವ ನೀರೇ ನಿಂತುಹೋಯಿತು. 2003ರಲ್ಲಿ ಸರ್ಕಾರ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯ ಮಾಡಿ, ಎಲ್ಲಿ ಏನು ಕಟ್ಟಬಾರದು ಎಂದು ಅಧಿಸೂಚನೆ ಹೊರಡಿಸಿತು. 2019ರಲ್ಲಿ ಅದನ್ನು ಸಡಿಲಿಸಿತು.

ನೂರು ಕಿ.ಮೀ. ದೂರದಿಂದ, ಅರ್ಧ ಕಿ.ಮೀ.ಯಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನೇ ನೆಚ್ಚಬೇಕಾದ ಪಾಡು ಬಂದದ್ದು ಹೀಗೆ. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಮೊದಲಿದ್ದ 145 ಕೋಟಿ ಲೀಟರ್ ಸೇರಿಸಿದರೆ ಒಂದು ಟಿಎಂಸಿ ನೀರು ಬೆಂಗಳೂರಿಗೆ ಹದಿಮೂರು ದಿನಕ್ಕೂ ಸಾಲದು. ಹತ್ತಿರದ ಜಲಾನಯನ ಕೈಕೊಟ್ಟರೆ ದೂರದ್ದಕ್ಕೆ ಹೋದೆವು. ಕಾವೇರಿಯಾಚೆ ಇನ್ನೊಂದು ಕಾವೇರಿ ಇಲ್ಲ.

ದುಡ್ಡು ಒಂದೇ ಬಾಗಿಲಿಂದ ಬರುವುದಿಲ್ಲ

ಗಂಗೆಗೆ ನಮಾಮಿ ಗಂಗೆ ಇದೆ. 2015ರಲ್ಲಿ ಕೇಂದ್ರ ಅದಕ್ಕೆ ಐದು ವರ್ಷಕ್ಕೆಂದು 20,000 ಕೋಟಿ ರೂಪಾಯಿ ಒಪ್ಪಿತು. ಕಾವೇರಿಗೆ ಹಾಗೆ ಒಂದೇ ಹೆಸರಿನ, ಒಂದೇ ಖಾತೆಯ ಯೋಜನೆ ಇಲ್ಲ. ಇರುವುದು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಚೀಲಗಳು.

ಮೊದಲನೆಯದು ಜಲಾನಯನ ಅಭಿವೃದ್ಧಿ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಒಂದು ಭಾಗ ಇದು. 2021ರ ನಂತರದ ಎರಡನೇ ಸುತ್ತಿನಲ್ಲಿ ಬಯಲು ನೆಲಕ್ಕೆ ಹೆಕ್ಟೇರಿಗೆ 22,000 ರೂಪಾಯಿ, ಗುಡ್ಡಗಾಡಿನಂಥ ಕಷ್ಟದ ನೆಲಕ್ಕೆ 28,000 ರೂಪಾಯಿ ಎಂದು ದರ ಗೊತ್ತುಮಾಡಿದರು. ನೂರರಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಕೆಲಸದ ಸೂತ್ರ ಸರಳ: ದಿಣ್ಣೆಯಿಂದ ತಗ್ಗಿಗೆ. ಮೊದಲು ಮೇಲಿನ ಇಳಿಜಾರಿನಲ್ಲಿ ಕಂದಕ ತೋಡಿ ಗಿಡ ನೆಡುವುದು, ಆಮೇಲೆ ಹೊಲಗಳಿಗೆ ಬದು ಹಾಕುವುದು, ಕೊರಕಲಿಗೆ ಕಲ್ಲಿನ ತಡೆ ಕೊಡುವುದು, ಕೊನೆಗೆ ಹಳ್ಳಕ್ಕೆ ಚೆಕ್‌ಡ್ಯಾಂ. ಮೇಲೆ ಏನೂ ಮಾಡದೆ ಕೆಳಗೆ ಚೆಕ್‌ಡ್ಯಾಂ ಕಟ್ಟಿದರೆ ಎರಡು ಮಳೆಗಾಲದಲ್ಲಿ ಅದು ಹೂಳು ತುಂಬಿದ ಕಟ್ಟೆಯಾಗುತ್ತದೆ. ಅಂಥವು ನಮ್ಮ ಕಡೆ ಬೇಕಾದಷ್ಟಿವೆ, ಯಾಕೆಂದರೆ ಚೆಕ್‌ಡ್ಯಾಂ ಕಾಂಕ್ರೀಟಿನದು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ.

ಈ ಯೋಜನೆಯ ನಿಯಮಗಳಲ್ಲಿ ನನಗೆ ಇಷ್ಟವಾದವು ಎರಡು. ಒಂದು, ಬದು ಕಂದಕದ ಮಾತೆತ್ತುವ ಮುಂಚೆ ಊರವರು ಕೇಳಿದ ಒಂದು ಸಣ್ಣ ಕೆಲಸ ಮಾಡಿಕೊಡಬೇಕು, ಕುಡಿಯುವ ನೀರಿನ ತೊಟ್ಟಿಯೋ, ದನಕ್ಕೆ ಗೋಕಟ್ಟೆಯೋ. ನಂಬಿಕೆ ಹುಟ್ಟಲಿ ಎಂದು. ಇನ್ನೊಂದು, 2008ರ ಮಾರ್ಗಸೂಚಿಯ ಪ್ರಕಾರ ಸ್ವಂತ ಜಮೀನಿನಲ್ಲಿ ಆದ ಕೆಲಸಕ್ಕೆ ರೈತ ನೂರಕ್ಕೆ 10ರಷ್ಟು, ಸಣ್ಣ ಹಿಡುವಳಿದಾರರು ಮತ್ತು ಪರಿಶಿಷ್ಟರು 5ರಷ್ಟು ವಂತಿಗೆ ಹಾಕಬೇಕು. ಆ ಹಣ ಸರ್ಕಾರಕ್ಕೆ ಹೋಗದೆ ಊರಿನ ಜಲಾನಯನ ನಿಧಿಯಲ್ಲಿ ಉಳಿದು, ಯೋಜನೆ ಮುಗಿದ ಮೇಲೆ ರಿಪೇರಿಗೆ ಆಗಬೇಕು.

ಆದರೆ ಈ ದುಡ್ಡು ಮುಖ್ಯವಾಗಿ ಮಳೆಯಾಶ್ರಿತ ಒಣಭೂಮಿಗೆ. ಹಾಗಾಗಿ ಕಾವೇರಿ ಕಣಿವೆಯೊಳಗೆ ಇದು ಒಪ್ಪುವುದು ಶಿಂಷಾ, ಅರ್ಕಾವತಿ ಹರಿಯುವ ಪೂರ್ವದ ತಾಲ್ಲೂಕುಗಳಿಗೆ, ಚಾಮರಾಜನಗರದಂಥ ಕಡೆಗೆ. ವಿಶ್ವಬ್ಯಾಂಕ್ ಸಾಲದ ಸುಜಲಾ ಯೋಜನೆ, ಈಗಿನ ರಿವಾರ್ಡ್ ಯೋಜನೆಯೂ ಬಹುಪಾಲು ಇದೇ ಜಾಡಿನವು. ರಿವಾರ್ಡ್‌ನಲ್ಲಿ ಕರ್ನಾಟಕದ ಪಾಲು 6 ಕೋಟಿ ಡಾಲರ್.

ಎರಡನೆಯದು ಅರಣ್ಯದ ಬಾಗಿಲು. 2022ರ ಮಾರ್ಚ್ 14ರಂದು ಕೇಂದ್ರ ಪರಿಸರ ಸಚಿವಾಲಯ 13 ನದಿಗಳ ಪುನಶ್ಚೇತನಕ್ಕೆ ವಿಸ್ತೃತ ಯೋಜನಾ ವರದಿ (ಡಿಪಿಆರ್) ಬಿಡುಗಡೆ ಮಾಡಿತು. ಕಾವೇರಿಯೂ ಅದರಲ್ಲಿತ್ತು, ಅದರ ವರದಿ ಸಿದ್ಧಪಡಿಸಿದ್ದು ನಮ್ಮ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ. ಹದಿಮೂರಕ್ಕೂ ಸೇರಿ ಅಂದಾಜು ವೆಚ್ಚ 19,342 ಕೋಟಿ ರೂಪಾಯಿ. ಪತ್ರಿಕೆಯಲ್ಲಿ ಈ ಅಂಕಿ ನೋಡಿದವರು ಇಷ್ಟು ಹಣ ಮಂಜೂರಾಯಿತು ಅಂದುಕೊಂಡರೆ ಅವರ ತಪ್ಪಲ್ಲ. ಆದರೆ ಡಿಪಿಆರ್ ಎಂದರೆ ಮನೆಯ ನಕ್ಷೆ ಮತ್ತು ಮೇಸ್ತ್ರಿಯ ಅಂದಾಜು ಪಟ್ಟಿ, ಬ್ಯಾಂಕಿನ ಸಾಲ ಅಲ್ಲ. ಕೆಲಸಕ್ಕೆ ದುಡ್ಡು ರಾಜ್ಯದ ಅರಣ್ಯ ಇಲಾಖೆ, ಉದ್ಯೋಗ ಖಾತರಿ, ಕಾಂಪಾ ಹೀಗೆ ಇರುವ ಚೀಲಗಳಿಂದಲೇ ಒಟ್ಟುಗೂಡಬೇಕು. ಕಾಂಪಾ ಅಂದರೆ ಗಣಿಗೋ ರಸ್ತೆಗೋ ಅರಣ್ಯ ಭೂಮಿ ಪಡೆದವರು ಬದಲಿ ಗಿಡ ಬೆಳೆಸಲು ಕಟ್ಟುವ ಹಣ, ಅದಕ್ಕೆ 2016ರ ಕಾಯ್ದೆ ಇದೆ.

ಮೂರನೆಯದು ಕೊಳಚೆ. ಬೆಂಗಳೂರು ಕಾವೇರಿ ನೀರು ಕುಡಿದು, ಬಳಸಿದ್ದರಲ್ಲಿ ಒಂದು ಪಾಲನ್ನು ವೃಷಭಾವತಿಗೆ ಬಿಡುತ್ತದೆ. ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಶುದ್ಧೀಕರಣ ಘಟಕಗಳಿಗೆ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯೂ ರಾಜ್ಯವೂ ಹಣ ಕೊಡುತ್ತವೆ. ಇದು ಬೇರೆಯೇ ಲೇಖನದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಗಿಡಕ್ಕೆ 125 ರೂಪಾಯಿ

ಜಲಾನಯನದ ದೊಡ್ಡ ತೊಡಕು ಏನೆಂದರೆ ಅದರ ಬಹುಭಾಗ ಸರ್ಕಾರದ್ದಲ್ಲ. ಹೊಲ, ಗದ್ದೆ, ಕಾಫಿ ತೋಟ, ಬಾಣೆ (ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ, ಮರಗಳಿರುವ ದಿಣ್ಣೆ ಜಮೀನು) ಎಲ್ಲ ಜನರದು. ಅಲ್ಲಿ ಮರ ಉಳಿಯಬೇಕಾದರೆ ಮಾಲೀಕನಿಗೆ ಅದು ಗಿಟ್ಟಬೇಕು. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಹೊರಟದ್ದು ಇದೇ ಲೆಕ್ಕದಿಂದ. ರೈತ ಅರಣ್ಯ ಇಲಾಖೆಯ ನರ್ಸರಿಯಿಂದ ಕಡಿಮೆ ದರಕ್ಕೆ ಸಸಿ ಒಯ್ದು ತನ್ನ ಜಮೀನಿನಲ್ಲಿ ನೆಡುತ್ತಾನೆ. ಮೊದಲ ವರ್ಷದ ಕೊನೆಗೆ ಬದುಕಿರುವ ಪ್ರತಿ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ನೂರು ಸಸಿ ನೆಟ್ಟು ನೂರೂ ಉಳಿದರೆ ಮೂರು ವರ್ಷಕ್ಕೆ 12,500 ರೂಪಾಯಿ, ಅರವತ್ತೇ ಉಳಿದರೆ ಅದಕ್ಕೆ ತಕ್ಕಂತೆ ಕಡಿಮೆ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ದುಡ್ಡು ಅನ್ನುವುದು ಈ ಯೋಜನೆಯ ಜಾಣತನ. ವನಮಹೋತ್ಸವದ ಗುಂಡಿಗಳನ್ನು ನೋಡಿ ಬೆಳೆದವರಿಗೆ ಇದರ ಬೆಲೆ ಗೊತ್ತು.

ಆದರೆ ನಾಲ್ಕನೇ ವರ್ಷದಿಂದ ಏನು? ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಹೇಗೆ ಹಬ್ಬಿತು ನೋಡಿದರೆ ಸುಳಿವು ಸಿಗುತ್ತದೆ. ನೆರಳಿಗೆ ನಂದಿ, ಹೊನ್ನೆ, ಅತ್ತಿ, ಹಲಸು ಇದ್ದ ಜಾಗಕ್ಕೆ ಅದು ಬಂತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ಗೋಜಿಲ್ಲ. ನಾಡಿನ ಮರ ಬೆಳೆಸಿದರೆ ಕಡಿಯುವಾಗ ಅರ್ಜಿ, ಪರಿಶೀಲನೆ, ಓಡಾಟ. ವಂಶಪಾರಂಪರ್ಯ ಹಕ್ಕಿನ ಜಮ್ಮಾ ಬಾಣೆಯಲ್ಲಾದರೆ ಮರ ಯಾರದು ಎಂಬ ಹಳೆಯ ತಕರಾರು ಬೇರೆ. ಮರ ಉಳಿಸಲೆಂದು ಮಾಡಿದ ನಿಯಮವೇ ಆ ಮರ ಬೆಳೆಸದಿರಲು ಕಾರಣವಾಯಿತು. ಕೊಡವರು ಯಾವ ಸಬ್ಸಿಡಿಯೂ ಇಲ್ಲದೆ ಕಾಪಾಡಿಕೊಂಡು ಬಂದ ದೇವರಕಾಡುಗಳು ಜಿಲ್ಲೆಯಲ್ಲಿ ಸುಮಾರು 1,200 ಇವೆ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಗಿಡ ನೆಟ್ಟರೆ ನೀರು ಬಂದೇ ಬರುತ್ತದೆಯೇ

ಇಲ್ಲ. ಮರವೂ ನೀರು ಕುಡಿಯುತ್ತದೆ. ಒಣನಾಡಿನಲ್ಲಿ ನೀಲಗಿರಿ ಒತ್ತೊತ್ತಾಗಿ ನೆಟ್ಟರೆ ಅಂತರ್ಜಲ ಏರುವ ಬದಲು ಇಳಿಯುತ್ತದೆ, ಅದಕ್ಕೇ ರಾಜ್ಯ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊಡಗಿನ ಬ್ರಹ್ಮಗಿರಿ ಬೆಟ್ಟದ ನೆತ್ತಿಯ ಮೇಲೆ ಇರುವುದು ಹುಲ್ಲುಗಾವಲು, ಅದರ ಮಡಿಲಲ್ಲಿ ಶೋಲಾ ಕಾಡು, ಅಂದರೆ ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಸದಾ ಹಸಿರಿನ ಕಾಡು. ಬೋಳು ಎಂದು ತಿಳಿದು ಆ ಹುಲ್ಲಿನಲ್ಲಿ ಸಸಿ ನೆಟ್ಟರೆ ಹಾನಿಯೇ. ಕಾಡು ಮಾಡುವುದು ನೀರಿನ ಒಟ್ಟು ಮೊತ್ತ ಹೆಚ್ಚಿಸುವ ಕೆಲಸಕ್ಕಿಂತ, ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ಕೆಲಸ.

ಇನ್ನೊಂದು ಇಕ್ಕಟ್ಟೂ ಇದೆ. ಮೇಲಿನ ಹಳ್ಳಿಯವರು ಬದು, ಚೆಕ್‌ಡ್ಯಾಂ, ಕೃಷಿ ಹೊಂಡದಲ್ಲಿ ನೀರು ನಿಲ್ಲಿಸಿಕೊಂಡರೆ ಅವರ ಕೊಳವೆಬಾವಿ ತುಂಬುತ್ತದೆ, ಕೆಳಗಿನ ಕೆರೆಗೆ ಬರುವುದು ಕಡಿಮೆಯಾಗಬಹುದು. ಒಂದೂರಿನ ಜಲಾನಯನ ಯಶಸ್ಸು ಇನ್ನೊಂದೂರಿನ ಒಣ ಕೆರೆ ಆಗದಂತೆ ನೋಡಬೇಕಾದರೆ ಇಡೀ ಉಪನದಿಯ ಲೆಕ್ಕ ಒಂದೇ ಕಡೆ ಇರಬೇಕು. ನಮ್ಮಲ್ಲಿ ಕೃಷಿ, ಅರಣ್ಯ, ಸಣ್ಣ ನೀರಾವರಿ, ಗ್ರಾಮೀಣಾಭಿವೃದ್ಧಿ ಇಲಾಖೆಗಳು ತಮ್ಮ ತಮ್ಮ ಲೆಕ್ಕ ತಾವೇ ಇಟ್ಟುಕೊಂಡಿವೆ.

ನಿಯಮ ಹಾಕುವುದೂ ಒಂದು ದಾರಿ

ದುಡ್ಡು ಕೊಡುವ ಬದಲು ಗೆರೆ ಎಳೆಯುವುದು ಸರ್ಕಾರದ ಇನ್ನೊಂದು ಕೈ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಅಂಥದ್ದು. 2024ರ ಜುಲೈ 31ರಂದು ಕೇಂದ್ರ ಅದನ್ನು ಆರನೇ ಸಲ ಹೊರಡಿಸಿತು. ಕರ್ನಾಟಕದ 20,668 ಚದರ ಕಿ.ಮೀ. ಅದರಲ್ಲಿದೆ. ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಭಾರಿ ಮಾಲಿನ್ಯದ ಕೈಗಾರಿಕೆ, ದೊಡ್ಡ ಕಟ್ಟಡಗಳಿಗೆ ತಡೆ. ಕೃಷಿಗೆ, ಇರುವ ಮನೆಗಳಿಗೆ ತೊಂದರೆಯಿಲ್ಲ ಎನ್ನುತ್ತದೆ ಕರಡು. ಮಲೆನಾಡಿನವರು ನಂಬಲು ತಯಾರಿಲ್ಲ, ರಾಜ್ಯ ಸಂಪುಟವೂ ಅದನ್ನು ತಿರಸ್ಕರಿಸಿತು. ಪರಿಸರದವರು ಹೇಳುವುದು ಬೆಟ್ಟ ಉಳಿಯದೆ ಊರು ಉಳಿಯದು ಎಂದು. ಅಲ್ಲಿನ ರೈತರು ಕೇಳುವುದು, ನಿರ್ಬಂಧ ನಮಗೆ, ನೀರು ನಿಮಗೆ, ನಷ್ಟ ತುಂಬಿಕೊಡುವವರು ಯಾರು ಎಂದು.

ನ್ಯೂಯಾರ್ಕ್ ಈ ಪ್ರಶ್ನೆಗೆ ಕೊಟ್ಟ ಉತ್ತರ

ನ್ಯೂಯಾರ್ಕ್ ನಗರದ ಬಹುಪಾಲು ನೀರು ಬರುವುದು ಕ್ಯಾಟ್ಸ್‌ಕಿಲ್ ಬೆಟ್ಟ ಮತ್ತು ಡೆಲವೇರ್ ನದಿಯ ಮೇಲ್ಭಾಗದಿಂದ, ಕೆಲವು ಕಡೆ 200 ಕಿ.ಮೀ. ದೂರದಿಂದ. 1990ರ ದಶಕದಲ್ಲಿ ಶೋಧಕ ಘಟಕ ಕಟ್ಟಲೇಬೇಕಾದ ಸ್ಥಿತಿ ಬಂತು, ಅಂದಾಜು 600 ಕೋಟಿ ಡಾಲರಿಗೂ ಮೇಲೆ. ನಗರ ಬೇರೆ ದಾರಿ ಹಿಡಿಯಿತು. 1997ರಲ್ಲಿ ಮೇಲಿನ ಊರುಗಳ ಜೊತೆ ಕರಾರು ಮಾಡಿಕೊಂಡು, ಮಾರಲು ಒಪ್ಪಿದವರಿಂದ ಮಾತ್ರ ಜಮೀನು ಕೊಂಡಿತು. ಸಗಣಿ ಗಂಜಲ ಹಳ್ಳಕ್ಕೆ ಸೇರದಂತೆ ಕಟ್ಟೆ ಕಟ್ಟಲು ಹೈನುಗಾರರಿಗೆ ಹಣ ಕೊಟ್ಟಿತು, ಮನೆಗಳ ಶೌಚಗುಂಡಿ ರಿಪೇರಿ ಮಾಡಿಸಿತು. ಆ ಬೆಟ್ಟದ ನೀರು ಇವತ್ತಿಗೂ ಶೋಧಕ ಘಟಕವಿಲ್ಲದೆ, ಕ್ಲೋರಿನ್ ಮತ್ತು ಅತಿನೇರಳೆ ಬೆಳಕಿನ ಉಪಚಾರ ಪಡೆದು ನಲ್ಲಿಗೆ ಬರುತ್ತದೆ. ಖರ್ಚಿನ ಮೂಲ ನಗರದವರ ನೀರಿನ ಬಿಲ್ಲು.

ನಮ್ಮ ಹಸಿರು ಸೆಸ್ ಪ್ರಸ್ತಾವನೆಯಲ್ಲೂ ಕಾಡಂಚಿನಲ್ಲಿ ಜಮೀನು ಮಾರಲು ಒಪ್ಪುವ ರೈತರಿಂದ ಅದನ್ನು ಕೊಳ್ಳುವ ಮಾತಿತ್ತು. ನ್ಯೂಯಾರ್ಕಿನಲ್ಲಿ ಕರಾರು ಆದದ್ದು ಒಂದೇ ರಾಜ್ಯದೊಳಗೆ, ಕೊಡುವ ನಗರ ಒಂದೇ. ಇಲ್ಲಿ ಕಾವೇರಿಗೆ ಮೂರು ರಾಜ್ಯ, ಒಂದು ಕೇಂದ್ರಾಡಳಿತ ಪ್ರದೇಶ. 2007ರ ನ್ಯಾಯಮಂಡಳಿ ತೀರ್ಪು 740 ಟಿಎಂಸಿಯನ್ನು ಹಂಚಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಕರ್ನಾಟಕಕ್ಕೆ 284.75 ಎಂದಿತು. ಹಂಚಿಕೆಯ ಆ ಪಟ್ಟಿಯಲ್ಲಿ ಪರಿಸರಕ್ಕೆಂದು ನದಿಯಲ್ಲೇ ಬಿಡಬೇಕಾದ ನೀರಿಗೂ 10 ಟಿಎಂಸಿಯ ಒಂದು ಸಾಲು ಇದೆ. ಬೆಟ್ಟ ಕಾಯುವ ಖರ್ಚನ್ನು ಯಾರು ಎಷ್ಟು ಹೊರಬೇಕು ಎಂಬುದಕ್ಕೆ ಅದರಲ್ಲಿ ಸಾಲಿಲ್ಲ.

ನಿಮ್ಮ ಜಮೀನು ಕಣಿವೆಯೊಳಗಿದ್ದರೆ

ಸಸಿ ಪ್ರೋತ್ಸಾಹಧನಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು, ಮಳೆಗಾಲ ಹಿಡಿಯುವ ಮುಂಚೆ. ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಬದು, ಕೃಷಿ ಹೊಂಡದ ಕೆಲಸ ನಿಮ್ಮೂರಿಗೆ ಬಂದಿದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಗ್ರಾಮಸಭೆಯಲ್ಲಿ ಜಲಾನಯನ ಸಮಿತಿ ರಚಿಸುವ ದಿನ ಹಾಜರಿರಿ, ಕಂದಕ ಯಾವ ದಿಣ್ಣೆಯಿಂದ ಶುರುವಾಗಬೇಕು ಎನ್ನುವುದು ತೀರ್ಮಾನವಾಗುವುದು ಆ ಸಮಿತಿಯಲ್ಲಿ.